ಅಮ್ಮನ ಕೊಡಪಾನ

ನಮ್ಮ ಗ್ರಾಮ ಪಂಚಾಯತಿ ಹೋಗಿ ಪಟ್ಟಣ ಪಂಚಾಯತಿ ಬಂದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ನಾನೇ. ಇನ್ನಾದರೂ ಹೊಳೆಬದಿಯ ನಮ್ಮ ಓಣಿಗೆ ನಲ್ಲಿ ಬಂದೀತು ಅಂದುಕೊಂಡೆ. ಬಂದದ್ದು ಹೊಸ ಬೋರ್ಡು. ಮೊದಲಾದರೆ ಪಂಚಾಯತಿ ಮೆಂಬರು ಪಕ್ಕದ ಮನೆಯವರು, ಬೇಲಿಯಾಚೆಯಿಂದ ಹ್ವಾಯ್ ಎಂದು ಕರೆದು ಬೈಯಬಹುದಿತ್ತು. ಈಗ ಹೊಸ ಪಂಚಾಯತಿಗೆ ಚುನಾವಣೆಯೇ ಆಗಿಲ್ಲ, ಮೆಂಬರೇ ಇಲ್ಲ. ಯಾರಿಗೆ ಬೈಯುವುದು?

ಶಿವರಾತ್ರಿ ಕಳೆದರೆ ನಮ್ಮ ಬಾವಿಗೆ ಉಪ್ಪು ನೀರು ನುಗ್ಗುತ್ತದೆ. ಅಮ್ಮನ ಕಿಡ್ನಿ ಅರ್ಧ ಸೋತಿತ್ತು. ಆ ನೀರು ಒಂದು ಲೋಟವೂ ಕೂಡದೆಂದು ಕುಂದಾಪುರದ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ದಿನಾ ಬೆಳಿಗ್ಗೆ ಹೈವೇ ದಾಟಿ, ಪರಿಚಯದವರ ಬಾವಿಯಿಂದ ಒಂದು ಕೊಡಪಾನ ಸಿಹಿನೀರು ಹೊತ್ತು ತರುತ್ತಿದ್ದೆ. ಅದು ಅಮ್ಮನಿಗೆ ಮಾತ್ರ. ನಾನು ಉಪ್ಪು ನೀರೇ ಕುಡಿಯುತ್ತಿದ್ದೆ.

ಅರ್ಜಿ ಕೊಟ್ಟು ಕೊಟ್ಟು ಸಾಕಾದ ಮೇಲೆ, ಕಳೆದ ಬೇಸಗೆಯಲ್ಲಿ, ಬಾವಿ ನೋಡಲು ಪಟ್ಟಣ ಪಂಚಾಯತಿಯಿಂದ ಇಬ್ಬರು ಬಂದರು. ಯಾವ ಓಣಿಗೆ ಪೈಪು ಎಂದು ಬರೆಯುವವರು ಅವರೇ. ನೀರು ಸೇದಿ ತರಲು ಹಿತ್ತಿಲಿಗೆ ಓಡಿದೆ. ಬರುವಷ್ಟರಲ್ಲಿ ಅಮ್ಮ ಅವರನ್ನು ಜಗಲಿಯಲ್ಲಿ ಕೂರಿಸಿ, ತನ್ನ ಕೊಡಪಾನದಿಂದಲೇ ಬೆಲ್ಲ ನೀರು ಕೊಟ್ಟಾಗಿತ್ತು. ಬಿಸಿಲಲ್ಲಿ ಬಂದವರು ಚೆಂಬು ಬರಿದು ಮಾಡಿದ್ದರು. ನೀರು ಚೆನ್ನಾಗಿಯೇ ಇದೆಯಲ್ಲ ಎಂದು ಬರೆದೂ ಆಗಿತ್ತು. ಅದು ಹೊರಗಿನ ನೀರು, ಬಾವಿಯದ್ದು ಇದು, ಇದನ್ನು ಬಾಯಿಗೆ ಹಾಕಿ ನೋಡಿ ಎಂದು ಗೋಗರೆದೆ. ಎಲ್ಲರೂ ಹೀಗೇ ಹೇಳುವುದು ಎಂದು ನಗುತ್ತಾ ಬೈಕ್ ಹತ್ತಿದರು.

ಮೈಯೆಲ್ಲ ಉರಿದುಹೋಯಿತು. ಅಮ್ಮನಿಗೆ ಬಾಯಿಗೆ ಬಂದ ಹಾಗೆ ಬೈದೆ. ಅವಳು ಮೆಲ್ಲಗೆ ಕೇಳಿದಳು:

“ಮನೀಗ್ ಬಂದರಿಗೆ ಉಪ್ಪ್ ನೀರ್ ಕೊಡುಕಾತ್ತಾ ಹೆಣೆ?”

ಪೈಪು ಹಾಕುವ ಓಣಿಗಳ ಪಟ್ಟಿ ಬಂದಾಗ ಅದರಲ್ಲಿ ನಮ್ಮ ಓಣಿ ಇರಲಿಲ್ಲ. ಮತ್ತೆ ಆಫೀಸಿಗೆ ಅಲೆದೆ. ಸ್ಥಳ ಪರಿಶೀಲನೆ ಆಗಿದೆ, ನೀರು ಕುಡಿಯಲು ಯೋಗ್ಯ ಎಂಬ ಕಾಗದ ಕೈಗಿಟ್ಟರು. ಮಳೆಗಾಲದ ಹೊತ್ತಿಗೆ ನನಗೆ ಸೊಂಟ ಹಿಡಿಯಿತು, ಕೊಡಪಾನ ಹೊರುವುದು ನಿಂತಿತು. ಈ ಬೇಸಗೆಯಲ್ಲಿ ಅಮ್ಮನೂ ಬಾವಿಯ ನೀರನ್ನೇ ಕುಡಿದಳು. ಈಗ ವಾರಕ್ಕೆ ಎರಡು ಸಲ ಡಯಾಲಿಸಿಸ್. ದೇವರೇ, ಇದನ್ನು ಯಾರ ಹತ್ತಿರ ಹೇಳಲಿ?

ಮೊನ್ನೆ ಪಟ್ಟಣ ಪಂಚಾಯತಿಯಿಂದ ಒಬ್ಬ ಬಂದು ಕುಡಿಯಲು ನೀರು ಕೇಳಿದ. ಹಟಕ್ಕೆ ಬಿದ್ದವಳಂತೆ ಬಾವಿಯ ನೀರನ್ನೇ ಚೆಂಬು ತುಂಬಾ ಕೊಟ್ಟೆ. ಒಂದು ಗುಟುಕಿಗೆ ಅಂಗಳಕ್ಕೆ ಉಗುಳಿದ. ಬರೆದುಕೊಳ್ಳಿ ಎಂದೆ. ನೀರು ತನ್ನ ವಿಭಾಗವಲ್ಲ, ಮನೆಗೆ ಹೊಸ ನಂಬರು ಅಂಟಿಸಲು ಬಂದದ್ದು ಎಂದ.

ಒಳಗೆ ಮಂಚದ ಮೇಲೆ ಅಮ್ಮ ಎಲ್ಲ ಕೇಳಿಸಿಕೊಂಡಿದ್ದಳು. ಆ ದಿನ ಅವಳು ನನ್ನ ಹತ್ತಿರ ಮಾತಾಡಲಿಲ್ಲ.