ಎರಡು ಸೂಜಿಯ ಹೊಲಿಗೆ

ಶಸ್ತ್ರಾಗಾರದ ಹಿಂದಿನ ಕೋಣೆಯಲ್ಲಿ ಮೂವತ್ತಮೂರು ವರ್ಷ ಕೂತು ಪೊಲೀಸರ ಸೊಂಟ ಕಾಯ್ದವನು ಮೇಣದಣ್ಣ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ದಾರಕ್ಕೆ ಮೇಣ ತಿಕ್ಕಿ ತಿಕ್ಕಿ ಹೆಬ್ಬೆರಳು ಹಳದಿಗಟ್ಟಿದ್ದರಿಂದ ಬಂದ ಅಡ್ಡಹೆಸರೇ ಊರಿಗೆಲ್ಲ ಗೊತ್ತಿದ್ದದ್ದು. ಬೆಲ್ಟು, ಗುಂಡಿನ ಚೀಲ, ರಿವಾಲ್ವರ್ ಇಡುವ ಚರ್ಮದ ಒರೆ, ಎಲ್ಲವೂ ಅವನ ಕೈಯಿಂದಲೇ ಹೊರಬರಬೇಕು. ಕೋಪವೋ, ಮೂಗಿನ ತುದಿಯಲ್ಲೇ. ಒರೆಯನ್ನು ಬಿಸಿಲಿಗೆ ಒಣಗಹಾಕಿದ ಪೇದೆ ಆ ವಾರವೆಲ್ಲ ಅವನ ಕಣ್ಣಿಗೆ ಬೀಳದ ಹಾಗೆ ಗೋಡೆ ಬಳಸಿಕೊಂಡು ಓಡಾಡುತ್ತಿದ್ದ.

ಕೋಪ ಬರದೆ ಇನ್ನೇನು? ಒಂದು ಒರೆ ಅಂದರೆ ಅವನಿಗೆ ಮೂರು ದಿನದ ಕೆಲಸ. ಚರ್ಮ ನೆನೆಹಾಕಬೇಕು. ರಿವಾಲ್ವರಿಗೆ ಎಣ್ಣೆ ಕಾಗದ ಸುತ್ತಿ ಒಳಗಿಟ್ಟು, ಮರದ ತುಂಡಿನಿಂದ ಒತ್ತಿ ಒತ್ತಿ, ಎರಡು ದಿನ ನೆರಳಲ್ಲಿ ಬಿಡಬೇಕು. ಗುಂಡು ತುಂಬುವ ಉರುಳೆ ಎಲ್ಲಿ ಉಬ್ಬಿದೆಯೋ ಚರ್ಮವೂ ಅಲ್ಲೇ ಉಬ್ಬಿ ಕೂರಬೇಕು. ಆಮೇಲೆ ಒಂದೇ ದಾರದ ಎರಡು ತುದಿಗೆ ಎರಡು ಸೂಜಿ, ಪ್ರತಿ ತೂತಿಗೂ ಎರಡು ಕಡೆಯಿಂದ ಹೊಲಿಗೆ. ಒಂದು ಎಳೆ ಹರಿದರೂ ಇನ್ನೊಂದು ಹಿಡಿದಿರುತ್ತದೆ. ಕೊನೆಗೆ ಒಳಮೈಗೆ ರಿವಾಲ್ವರಿನ ನಂಬರು ಒತ್ತಿ, ಅಂಚಿಗೆ ಮೂರು ಅಡ್ಡ ಹೊಲಿಗೆ ಹಾಕುವನು. ಅದು ಅವನ ಸಹಿ.

ಅವನ ಮಗಳೂ ಪೊಲೀಸು, ಪೇದೆ. ಅವಳ ಸೊಂಟದ ರಿವಾಲ್ವರ್ ಅವಳಿಗಿಂತ ವಯಸ್ಸಿನಲ್ಲಿ ದೊಡ್ಡದು. ಹಿಡಿಯ ಮರ ಸವೆದು ನುಣ್ಣಗಾಗಿತ್ತು, ಆದರೆ ಗುರಿ ಅಭ್ಯಾಸದಲ್ಲಿ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಹಳೆಯದು ಅನ್ನುವುದೇ ಒಂದು ರೋಗವೇನೋ ಎಂಬಂತೆ ಜನ ಮಾತಾಡುವುದನ್ನು ಕೇಳಿದರೆ ಅಪ್ಪನಿಗೂ ಮಗಳಿಗೂ ಒಟ್ಟಿಗೇ ಮೈ ಉರಿಯುತ್ತಿತ್ತು.

ಹೀಗಿರುವಾಗ ಮೇಲಿನಿಂದ ಆದೇಶ ಬಂತು. ಇನ್ನು ಚರ್ಮ ಬೇಡ, ಎಲ್ಲರಿಗೂ ನೈಲಾನ್ ಬೆಲ್ಟು, ನೈಲಾನ್ ಚೀಲ, ಎಲ್ಲರಿಗೂ ಒಂದೇ ಅಳತೆ. ಚೀಲ ಹೊಲಿದಿದ್ದದ್ದು ಹೊಸ ಪಿಸ್ತೂಲಿಗೆ. ಪಿಸ್ತೂಲುಗಳೇ ಇನ್ನೂ ಬಂದಿರಲಿಲ್ಲ! ಹಾಗಾಗಿ ಆ ಚಪ್ಪಟೆ ಚೀಲದೊಳಗೆ ಹೊಟ್ಟೆ ಉಬ್ಬಿದ ರಿವಾಲ್ವರನ್ನೇ ತುರುಕಿಕೊಂಡು ತಿರುಗಿ ಅಂದರು. ಹಳೆ ಚರ್ಮವನ್ನೆಲ್ಲ ರಿಜಿಸ್ಟರಿನಲ್ಲಿ ಬರೆದು ಜಮಾ ಮಾಡಿಸಿಕೊಂಡು, ರಸೀದಿ ಕೊಟ್ಟು, ಯಾರೂ ಮತ್ತೆ ಬಳಸದ ಹಾಗೆ ಕತ್ತರಿಸಿ ಹಾಕಬೇಕು. ಆ ಘನಂದಾರಿ ಕೆಲಸ ಯಾರ ತಲೆಗೆ? ಹೊಲಿದವನ ತಲೆಗೇ.

ಮೇಣದಣ್ಣ ಚೀಲವನ್ನು ಕಟ್ಟಿಕೊಂಡು ನೋಡಿದ. ಪ್ಲಾಸ್ಟಿಕ್ ಕ್ಲಿಪ್ಪು ಟಕ್ ಅನ್ನುತ್ತಿತ್ತೇ ಹೊರತು ಪೂರ್ತಿ ಕೂರುತ್ತಿರಲಿಲ್ಲ. ಬಗ್ಗಿದರೆ ಬಿಚ್ಚಿಕೊಳ್ಳುತ್ತಿತ್ತು. ಎರಡು ಸಲ ಅರ್ಜಿ ಬರೆದ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಭ್ಯಾಸ ಆಗುತ್ತೆ ಬಿಡಣ್ಣ ಎಂದು ಗುಮಾಸ್ತ ನಕ್ಕ. ಮೇಣದಣ್ಣ ಹಲ್ಲು ಕಚ್ಚಿಕೊಂಡು ಕತ್ತರಿ ಕೈಗೆ ತೆಗೆದುಕೊಂಡ. ದಿನಕ್ಕೆ ಹತ್ತು ಒರೆ, ಹನ್ನೆರಡು ಒರೆ. ಎರಡು ಸೂಜಿಯ ಹೊಲಿಗೆ ಕತ್ತರಿಗೂ ಸುಲಭವಾಗಿ ಜಗ್ಗುತ್ತಿರಲಿಲ್ಲ.

ಮಗಳು ಮಾತ್ರ ತನ್ನದನ್ನು ಕೊಡಲಿಲ್ಲ. ಬೇಕಾದರೆ ಕೊಡಲಿಲ್ಲ ಅಂತಲೇ ಬರೆದುಕೋ ಅಪ್ಪ ಅಂದಳು. ಬರೆಯಲು ಅವನಿಗೆ ಕೈ ಬರಲಿಲ್ಲ, ಅವಳ ಹೆಸರಿನ ಮುಂದೆ ಖಾಲಿ ಬಿಟ್ಟ. ಮುಂದಿನ ತಿಂಗಳು ಅವಳಿಗೆ ಬಡ್ತಿ ಇತ್ತು. ಆರು ವರ್ಷ ಕಾದು ಪಟ್ಟಿಯಲ್ಲಿ ಹೆಸರು ಬಂದಿತ್ತು.

ಆ ಭಾನುವಾರ ಆಟದ ಮೈದಾನದ ಗೇಟಿನಲ್ಲಿ ನೂಕುನುಗ್ಗಲಾಯಿತು. ಮಗಳ ಪಕ್ಕದಲ್ಲಿದ್ದ ಉದ್ದನೆಯ ಪೇದೆಯ ನೈಲಾನ್ ಚೀಲದ ಕ್ಲಿಪ್ಪು ಕಿತ್ತುಬಂದು, ಆರು ಗುಂಡು ತುಂಬಿದ ರಿವಾಲ್ವರ್ ಜನರ ಕಾಲಡಿ ಉರುಳಿ ಚರಂಡಿಗೆ ಬಿತ್ತು. ಮಗಳ ಸೊಂಟಕ್ಕೂ ಯಾರೋ ಕೈ ಹಾಕಿ ಜಗ್ಗಿದ್ದ. ಅವಳ ಒರೆ ಜಪ್ಪಯ್ಯ ಅಂದರೂ ಬಿಡಲಿಲ್ಲ. ಚರಂಡಿಗೆ ಬಿದ್ದದ್ದು ಹುಡುಕಿ ಹುಡುಕಿ ಕೊನೆಗೆ ಸಿಕ್ಕಿತು. ಮರುದಿನ ಪತ್ರಿಕೆಯಲ್ಲಿ ಫೋಟೊ ಬಂತು: ಮೂವರು ಪೊಲೀಸರು ಅಂಗಿಯ ತೋಳು ಮಡಚಿ ಚರಂಡಿಯಲ್ಲಿ ತಡಕಾಡುತ್ತಿದ್ದಾರೆ, ಹಿಂದೆ ಕೈ ಅಗಲಿಸಿ ಜನರನ್ನು ತಡೆದು ನಿಂತವಳು ಇವಳು, ಸೊಂಟದಲ್ಲಿ ಚರ್ಮದ ಬೆಲ್ಟು ಎದ್ದು ಕಾಣುತ್ತಿದೆ.

ಮೆಮೊ ಬಂದದ್ದು ಯಾರಿಗೆ ಅಂದುಕೊಂಡಿರಿ? ಅವಳಿಗೆ! ಸಮವಸ್ತ್ರದ ಶಿಸ್ತು ಮುರಿದಳಂತೆ. ತಪ್ಪು ಸಾಬೀತಾದರೆ ಬಡ್ತಿ ಇಲ್ಲ. ರಿವಾಲ್ವರ್ ಬೀಳಿಸಿದವನಿಗೆ ಒಂದು ಮಾತೂ ಇಲ್ಲ, ಅವನು ನಿಯಮದ ಪ್ರಕಾರ ಬೀಳಿಸಿದ್ದ. ಓದಿದ ಮೇಣದಣ್ಣ ಮೆಮೊವನ್ನು ಮೇಜಿಗೆ ಅಪ್ಪಳಿಸಿದ. ಇವರ ಬುದ್ಧಿಗೆ ಬೆಂಕಿ ಬೀಳ ಎಂದು ಕೋಣೆ ಅದುರುವಂತೆ ಬೈದ.

ವಿಚಾರಣೆಗೆ ಅವನನ್ನೂ ರಿಜಿಸ್ಟರ್ ಸಮೇತ ಕರೆದರು. ಮಗಳು ಬಾಗಿಲ ಪಕ್ಕ ಸೆಟೆದು ನಿಂತಿದ್ದಳು. ಆದೇಶಕ್ಕೆ ಸಹಿ ಹಾಕಿದ ಸಾಹೇಬರೇ ಮೇಜಿನ ಹಿಂದೆ ಕೂತಿದ್ದರು. ಮೇಣದಣ್ಣ ಜೊತೆಗೆ ತಂದಿದ್ದ ಖಾಲಿ ರಿವಾಲ್ವರನ್ನು ನೈಲಾನ್ ಚೀಲಕ್ಕೆ ಹಾಕಿ ಸೊಂಟಕ್ಕೆ ಕಟ್ಟಿಕೊಂಡು, ಅವರ ಎದುರೇ ಬಗ್ಗಿ ತೋರಿಸಿದ. ರಿವಾಲ್ವರ್ ಧಡ್ ಅಂತ ನೆಲಕ್ಕೆ ಬಿತ್ತು. ಸಾಹೇಬರು ಸಿಟ್ಟಿನಿಂದ ಎದ್ದು ನಿಂತರು.

"ಪ್ರಶ್ನೆ ಅದಲ್ಲ. ಆದೇಶ ಅಂದ್ರೆ ಆದೇಶ. ಯಾರೇ ಆಗಲಿ, ಜಮಾ ಮಾಡಲೇಬೇಕಿತ್ತು."

ಮೇಣದಣ್ಣನ ಕಣ್ಣು ಅವರ ಸೊಂಟದ ಮೇಲೆ ನಿಂತಿತು. ಮಿರಮಿರ ಮಿಂಚುವ ಕಪ್ಪು ಚರ್ಮ. ಬಕಲಿನ ಪಕ್ಕ ಮೂರು ಅಡ್ಡ ಹೊಲಿಗೆ. ಸಾಹೇಬರು ಕಡ್ಡಿ ಹಾಗಿದ್ದ ಕಾಲಕ್ಕೆ ತಾನೇ ಹೊಲಿದದ್ದು, ಆಮೇಲೆ ಹೊಟ್ಟೆ ಬಂದ ಹಾಗೆಲ್ಲ ತೂತು ಹಾಕಿಕೊಟ್ಟವನೂ ತಾನೇ. ಅವನು ನಿಧಾನವಾಗಿ ರಿಜಿಸ್ಟರಿನ ಮೊದಲ ಪುಟ ತೆರೆದ.

"ಇಲ್ಲಿ ಇನ್ನೊಂದು ಸಾಲೂ ಖಾಲಿ ಇದೆ ಸಾರ್. ನಿಮ್ಮದು. ಬಿಚ್ಚಿ ಕೊಡಿ, ಈಗಲೇ ರಸೀದಿ ಬರೆದುಕೊಡ್ತೀನಿ. ಕತ್ತರಿ ಜೇಬಲ್ಲೇ ಇದೆ."

ಸಾಹೇಬರ ಕೈ ತಾನಾಗಿ ಬಕಲಿನ ಮೇಲೆ ಹೋಯಿತು, ಅಲ್ಲೇ ಉಳಿಯಿತು. ಇದು ಗಟ್ಟಿ ಇದೆ ಅಂತ ಇಟ್ಟುಕೊಂಡೆ ಎಂದು ಗೊಣಗಿದರು. ಗಟ್ಟಿ ಇದೆ ಅಂತಲೇ ಅವಳೂ ಇಟ್ಟುಕೊಂಡಳು ಸಾರ್ ಅಂದ ಮೇಣದಣ್ಣ. ಆಮೇಲೆ ಸಾಹೇಬರು ಕೂತು, ಮೆಮೊ ಕೈಬಿಡಲಾಗಿದೆ ಎಂದು ಬರೆದರು, ಕತ್ತರಿಸುವುದನ್ನು ಸದ್ಯಕ್ಕೆ ನಿಲ್ಲಿಸಿ ಎಂದು ತಲೆ ಎತ್ತದೆ ಹೇಳಿದರು.

ಹೊರಗೆ ಬಂದಾಗ ಮಗಳು ತಡೆದುಕೊಂಡಿದ್ದ ನಗುವನ್ನೆಲ್ಲ ಒಟ್ಟಿಗೇ ನಕ್ಕಳು. ಅಪ್ಪ ನಗಲಿಲ್ಲ. ಅವನ ಕೋಣೆಯ ಬಾಗಿಲಲ್ಲಿ ಆ ಉದ್ದನೆಯ ಪೇದೆ ಕಾಯುತ್ತಿದ್ದ. ಕಿತ್ತುಹೋದ ನೈಲಾನ್ ಚೀಲ ಅವನ ಕೈಯಲ್ಲಿತ್ತು. ನನ್ನ ಹಳೆ ಒರೆ ಇನ್ನೂ ಇದೆಯಾ ಅಣ್ಣ ಎಂದು ಮೆಲ್ಲಗೆ ಕೇಳಿದ.

ಮೂಲೆಯಲ್ಲಿ ಕತ್ತರಿಸಿದ ನೂರಹನ್ನೆರಡು ಒರೆಗಳ ರಾಶಿ ಇತ್ತು. ಮೇಣದಣ್ಣನಿಗೆ ಹುಡುಕಬೇಕಾಗಿ ಬರಲಿಲ್ಲ, ನಂಬರು ಬಾಯಿಗೇ ಬರುತ್ತಿತ್ತು. ಎರಡು ತುಂಡು ಎತ್ತಿ ಮೇಜಿನ ಮೇಲಿಟ್ಟ.

"ನಾನೇ ಕತ್ತರಿಸಿದೆ ಕಣಪ್ಪ. ಬೀಳುತ್ತೆ ಅಂತ ಗೊತ್ತಿದ್ದೂ ಕತ್ತರಿಸಿದೆ. ಅದಕ್ಕೆ ನನಗೆ ಮೆಮೊ ಕೊಡುವವರು ಯಾರೂ ಇಲ್ಲ."

ಆಮೇಲೆ ರಿವಾಲ್ವರ್ ಇಟ್ಟುಹೋಗು, ಮೂರು ದಿನ ಬೇಕು ಅಂದವನೇ ಚರ್ಮ ನೆನೆಹಾಕಲು ಬಕೆಟ್ಟು ಎತ್ತಿಕೊಂಡು ನಲ್ಲಿಯ ಕಡೆ ಹೋದ.