ಕೆರಿಯಮ್ಮನ ಗೆಜ್ಜೆಸರ

ಮುತ್ತು ಹವಳ ಹಾಕಿಕೊಂಡವರನ್ನು ಜನ ಒಮ್ಮೆ ನೋಡಿ ಸುಮ್ಮನಾಗುತ್ತಾರೆ. ಕೆರಿಯಮ್ಮನನ್ನು ನೋಡಿದವರು ಮಾತ್ರ ಮನೆಗೆ ಹೋಗಿ ಉಂಡು ಕೈ ತೊಳೆಯುವವರೆಗೂ ಅದೇ ಸುದ್ದಿ ಹೇಳುತ್ತಿದ್ದರು. ಹೇಳದೆ ಏನು ಮಾಡಿಯಾರು? ಸತ್ತ ಎತ್ತಿನ ಗೆಜ್ಜೆಸರವನ್ನು ತನ್ನ ಕೊರಳಿಗೆ ಹಾಕಿಕೊಂಡು ಸಗಣಿ ಬಾಚುವ ಹೆಂಗಸು ಸಾಗರ ಸೀಮೆಯಲ್ಲಿ ಇನ್ನೊಬ್ಬಳಿರಲಿಲ್ಲ.

ಗೆಜ್ಜೆಸರ ಒಂದೇ ಆಗಿದ್ದರೆ ಹೇಗೋ. ಸಂತೆಯಿಂದ ಕೆಟ್ಟ ಅಲಾರಾಂ ಗಡಿಯಾರವೊಂದನ್ನು ತಂದು, ಅದರ ಹಲ್ಲಿನ ಚಕ್ರಗಳನ್ನು ಬಿಡಿಸಿ ಎರಡು ಕಿವಿಗೂ ಜೋಲುವಂತೆ ಪೋಣಿಸಿಕೊಂಡಿದ್ದಳು. ಚಲಾವಣೆ ನಿಂತ ತೂತುಕಾಸುಗಳೆಲ್ಲ ದಾರಕ್ಕೇರಿ ಅವಳ ಸೊಂಟ ಸೇರಿದ್ದವು. ಪದಕದ ಜಾಗದಲ್ಲಿ ಸೈಕಲ್ ಬೆಲ್ಲಿನ ಮುಚ್ಚಳ ಫಳಫಳ ಅನ್ನುತ್ತಿತ್ತು. ಮೂಗಿನ ನತ್ತಂತೂ ಎಷ್ಟು ಅಗಲವೆಂದರೆ ಗಂಜಿ ಕುಡಿಯುವಾಗ ಅದನ್ನು ಒಂದು ಕೈಯಲ್ಲಿ ಎತ್ತಿ ಹಿಡಿಯಬೇಕಿತ್ತು. ಇದು ಹಬ್ಬಕ್ಕೆ, ಮದುವೆಗೆ ಅಂತಲ್ಲ, ದಿನಾ. ಸಸಿ ನೆಡುವಾಗಲೂ ಇಷ್ಟೂ ಮೈಮೇಲಿರಬೇಕು. ಯಾಕಿಷ್ಟು ಹೇರಿಕೊಳ್ಳುತ್ತೀಯೆ ಎಂದು ಯಾರಾದರೂ ಕೇಳಿದರೆ, "ಹಾಕ್ಕಂಡ್ರೆ ಮೈಯೆಲ್ಲ ನಗ್ತದೆ" ಅನ್ನುತ್ತಿದ್ದಳು. ಅದಕ್ಕಿಂತ ದೊಡ್ಡ ಕಾರಣ ಬೇಕೆನ್ನುವವರಿಗೆ ಮಾಡಲು ಬೇರೆ ಕೆಲಸವಿಲ್ಲ.

ಅವಳ ಗಂಡ ನಿಂಗಪ್ಪ ಈ ಬಗ್ಗೆ ಒಂದು ಮಾತೂ ಆಡಿದವನಲ್ಲ. ನಲವತ್ತರ ಹೊತ್ತಿಗೇ ಅವನ ಕಣ್ಣು ಮಂಜಾಗಿ ಬೆಳಕು, ಕತ್ತಲೆ ಎರಡೇ ಉಳಿದಿದ್ದವು. ಗೆಜ್ಜೆ ಗಲ್ ಅಂದರೆ ಅವಳು ನಡೆಯುತ್ತಿದ್ದಾಳೆ, ಕಾಸು ಝಣ್ ಅಂದರೆ ಬಗ್ಗಿದಳು, ಕಿವಿಯ ಚಕ್ರಗಳು ಕಿಣಿಕಿಣಿ ಅಂದರೆ ನಕ್ಕಳು. ಹೆಂಡತಿಯ ಮುಖ ಮರೆಯುತ್ತಾ ಬಂದಿದ್ದ ಅವನಿಗೆ ಅವಳೆಂದರೆ ಆ ಸದ್ದೇ ಆಗಿತ್ತು.

ಶರಾವತಿಗೆ ಅಡ್ಡಲಾಗಿ ಕಟ್ಟೆ ಏಳುತ್ತಿದ್ದ ಕಾಲ ಅದು. ಹೊಳೆದಂಡೆಯ ಅವರ ಗೇಣಿ ಗದ್ದೆ ಮುಂದಿನ ಮಳೆಗಾಲಕ್ಕೆ ಮುಳುಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಅರವತ್ಮೂರನೇ ಇಸವಿಯ ಭೂಮಿ ಹುಣ್ಣಿಮೆ ಆ ಗದ್ದೆಗೆ ಕಡೆಯದು. ತೆನೆ ಕಟ್ಟಿದ ಭೂಮಿಯನ್ನು ಬಸುರಿಯೆಂದು ತಿಳಿದು, ಹೆಂಗಸರು ತಮ್ಮ ಕೊರಳ ಸರವನ್ನು ಭತ್ತದ ಬುಡಕ್ಕೆ ತೊಡಿಸಿ, ಎಡೆಯಿಟ್ಟು ಬಯಕೆ ತೀರಿಸುವ ಹಬ್ಬ ಅದು. ಪೂಜೆಯಾದ ಮೇಲೆ ಸರ ತೆಗೆದುಕೊಳ್ಳಬಹುದು. ಆದರೆ ಕೆರಿಯಮ್ಮನ ಅತ್ತೆ ಕಲಿಸಿದ ಒಂದು ಕ್ರಮವಿತ್ತು. "ತಗೊಳ್ಲಾ ತಾಯಿ?" ಎಂದು ಮೂರು ಸಲ ಕೇಳಬೇಕು. ಗಾಳಿಗೆ ತೆನೆ ತಲೆಯಾಡಿಸಬೇಕು. ಆಮೇಲೇ ಕೈ ಹಾಕಬೇಕು.

ಬೇರೆಯವರು ಒಂದೆಳೆ ಸರ ತೊಡಿಸಿದರೆ ಕೆರಿಯಮ್ಮ ಕರಿಮಣಿ ಒಂದನ್ನು ಬಿಟ್ಟು ಮೈಮೇಲಿದ್ದದ್ದನ್ನೆಲ್ಲ ತೊಡಿಸಿದಳು. ಗದ್ದೆ ಮದುವಣಗಿತ್ತಿಯ ಹಾಗೆ ಕಂಡಿತು. ಅಷ್ಟರಲ್ಲಿ ಮುಳುಗಡೆ ಜಮೀನಿನ ಅಳತೆಯವರು ಸರಪಳಿ ಎಳೆದುಕೊಂಡು ಬದು ಇಳಿದು ಗದ್ದೆಯೊಳಗೇ ಬಂದುಬಿಟ್ಟರು. ಅವರ ಬೂಟಿನ ಕಾಲಿಗೆ ಸಿಕ್ಕಿ ಒಡವೆಯೆಲ್ಲ ಎಲ್ಲಿ ಜಜ್ಜಿಹೋಗುತ್ತದೋ ಎಂದು ಅವಳು ಹೆದರಿದಳು. ಓಡಿಹೋಗಿ ಬಾಚಿ ಬಾಚಿ ಮಡಿಲಿಗೆ ತುಂಬಿಕೊಂಡಳು. ಕೇಳಲಿಲ್ಲ, ಒಂದು ಸಲವೂ ಕೇಳಲಿಲ್ಲ. ಆ ಗಳಿಗೆಯಲ್ಲಿ ಅವಳಿಗೆ ತಾಯಿಗಿಂತ ಒಡವೆಯೇ ಹೆಚ್ಚಾಗಿತ್ತು.

ಎಲ್ಲ ಹಾಕಿಕೊಂಡು ಬದುವಿನ ಮೇಲೆ ನಡೆದಳು. ಹಿಂದೆಯೇ ಬರುತ್ತಿದ್ದ ನಿಂಗಪ್ಪ ನಿಂತುಬಿಟ್ಟ.

"ಎಲ್ಲಿ ಹೋದ್ಯೇ?"

"ಇಲ್ಲೇ ಇದೀನಲ."

ಅವಳು ಮೈ ಕೊಡವಿದಳು. ಗೆಜ್ಜೆಗಳು ಅಲುಗಾಡಿದವು, ಒಳಗಿನ ಗುಂಡುಗಳೂ ಉರುಳಿದವು. ಸದ್ದು ಬರಲಿಲ್ಲ.

ಹುಣಸೆಹಣ್ಣು ಹಚ್ಚಿ ತಿಕ್ಕಿದಳು, ದಾರ ಬದಲಾಯಿಸಿದಳು. ಏನೂ ಆಗಲಿಲ್ಲ. ಸುಗ್ಗಿ ಮುಗಿಸಿ, ನಿಟ್ಟೂರಿನ ಕಡೆ ಸರ್ಕಾರ ಕಾಡು ಕಡಿದು ಕೊಟ್ಟ ಹೊಸ ಜಾಗಕ್ಕೆ ಬಂದಾಗಲೂ ಅದೇ ಕತೆ. ನೆರೆಮನೆಯ ಯಮುನಮ್ಮ ಒಂದು ದಿನ ಕುತೂಹಲಕ್ಕೆ ಸರ ಇಸಕೊಂಡು ಆಡಿಸಿದರೆ ಗಲಗಲ ಎಂದಿತು. ತಿರುಗಿ ಕೆರಿಯಮ್ಮನ ಕೊರಳು ಸೇರಿದ್ದೇ ತಡ, ಉಸಿರು ಹಿಡಿದಂತೆ ಸುಮ್ಮನಾಯಿತು. ಯಮುನಮ್ಮ ಎದ್ದು ಹೋದಳು. ಆಮೇಲೆ ಅವಳು ಕೆರಿಯಮ್ಮನ ಅಂಗಳದತ್ತ ತಲೆ ಹಾಕಲಿಲ್ಲ. ಅಷ್ಟೊಂದು ಲೋಹ ಹೊತ್ತ ಹೆಂಗಸು ಬೆಕ್ಕಿನ ಹಾಗೆ ಸದ್ದಿಲ್ಲದೆ ಬಂದು ಬೆನ್ನ ಹಿಂದೆ ನಿಂತರೆ ಯಾರಿಗಾದರೂ ಜೀವ ಹಾರಿಹೋಗುವುದೇ.

ನಿಂಗಪ್ಪನ ಪಾಡಂತೂ ಹೇಳತೀರದು. ಹೆಂಡತಿ ಬಡಿಸಲು ಬಂದು ಕೈ ಮುಟ್ಟಿದರೆ ಬೆಚ್ಚಿಬೀಳುತ್ತಿದ್ದ. ಅವಳು ಪಕ್ಕದಲ್ಲೇ ಕೂತಿದ್ದರೂ ಖಾಲಿ ಮೂಲೆಯ ಕಡೆಗೆ ತಿರುಗಿ ಅವಳನ್ನು ಕರೆಯುತ್ತಿದ್ದ.

ಅರವತ್ತಾರರ ಬೇಸಿಗೆಯಲ್ಲಿ ಅವರ ಹಳೆಯ ಊರಿನ ವಾಸಪ್ಪ ನೋಡಲು ಬಂದ. ಹಿನ್ನೀರಿನಲ್ಲಿ ಸಿಗಂದೂರಿನ ಕಡೆ ಜನರನ್ನು ದಾಟಿಸುವ ದೋಣಿ ಅವನದು. ಎಲೆ ಅಡಿಕೆ ಹಾಕಿಕೊಂಡು, ಹೇಳಲೋ ಬೇಡವೋ ಎಂದು ಅನುಮಾನಿಸುತ್ತಲೇ ಹೇಳಿದ.

"ನೀರು ತುಂಬಿದ್ದಾಗ ನಿಮ್ ಗದ್ದೆ ಮೇಲೆ ದೋಣಿ ಹೋದ್ರೆ ಕೆಳಗಿಂದ ಗೆಜ್ಜೆ ಕೇಳ್ತದೆ ನಿಂಗಪ್ಪಣ್ಣ. ಮಟಮಟ ಮಧ್ಯಾಹ್ನ. ಯಾರೋ ಬದು ಮೇಲೆ ನಡೆದಂಗೆ. ನಡೀತದೆ, ನಿಲ್ತದೆ, ಬಗ್ತದೆ. ಒಂದ್ಸಲ ನಕ್ಕಂಗೂ ಆತು."

ನಿಂಗಪ್ಪ ಎಲೆ ಅಡಿಕೆ ತಟ್ಟೆ ಪಕ್ಕಕ್ಕೆ ಸರಿಸಿದ. ಆಮೇಲೆ ಮೆಲ್ಲಗೆ ಕೇಳಿದ.

"ಹಂಗಾರೆ ಇಲ್ಲಿ ನನ್ ಹತ್ರ ಇರೋದು ಯಾರು?"

ಕೆರಿಯಮ್ಮ ಎರಡು ಮಾರು ದೂರದಲ್ಲಿ ನಿಂತು ಇದನ್ನು ಕೇಳಿಸಿಕೊಂಡಳು. ಅವಳು ಅಲ್ಲಿರುವುದು ಅವನಿಗೆ ಗೊತ್ತೇ ಇರಲಿಲ್ಲ. ಕೈಹಿಡಿದವನೇ ತನ್ನನ್ನು ಬೇರೆ ಯಾರೋ ಅಂದುಕೊಂಡನಲ್ಲ. ಮರುದಿನವೇ ಗಂಡನ ಕೈಹಿಡಿದು ವಾಸಪ್ಪನ ಜೊತೆ ಹೊರಟಳು.

ಆ ವರ್ಷ ನೀರು ಬಹಳ ಕೆಳಗಿಳಿದಿತ್ತು. ಎರಡು ವರ್ಷ ಮುಳುಗಿದ್ದ ಗದ್ದೆ ಕೆಸರು ಬಿರುಕುಬಿಟ್ಟುಕೊಂಡು ಮೇಲೆದ್ದಿತ್ತು. ಕೊಯ್ದ ಭತ್ತದ ಕೂಳೆ ಕರ್ರಗೆ, ಕೊಳೆಯದೆ, ಸಾಲಾಗಿ ನಿಂತಿತ್ತು. ಎಲ್ಲೂ ಒಂದು ಹಕ್ಕಿಯಿಲ್ಲ. ನಿಂಗಪ್ಪ, ವಾಸಪ್ಪ ಇಬ್ಬರನ್ನೂ ದಡದಲ್ಲಿ ಕೂರಿಸಿ ಅವಳೊಬ್ಬಳೇ ಇಳಿದಳು.

ಅಂದು ಬಾಚಿಕೊಂಡ ಜಾಗ ಅವಳ ಕಾಲಿಗೇ ನೆನಪಿತ್ತು. ಕಿವಿಯ ಚಕ್ರ, ಸೊಂಟದ ಕಾಸು, ನತ್ತು, ಪದಕ, ಕೊನೆಗೆ ಗೆಜ್ಜೆಸರ, ಎಲ್ಲವನ್ನೂ ಒಂದೊಂದಾಗಿ ಕೂಳೆಗೆ ತೊಡಿಸಿದಳು. "ತಗೊಳ್ಲಾ ತಾಯಿ?" ಎಂದು ಮೂರು ಸಲ ಕೇಳಿ ಕಾದಳು. ಬಿಸಿಲು ನೆತ್ತಿಗೆ ಬಂತು, ಬಾಗಿತು. ಗಾಳಿ ಬೀಸಲಿಲ್ಲ. ತಲೆಯಾಡಿಸಲು ಅಲ್ಲಿ ತೆನೆಯಾದರೂ ಎಲ್ಲಿತ್ತು?

ಕೈ ಒಂದು ಸಲ ಮುಂದೆ ಹೋಯಿತು. ಎರಡು ವರ್ಷದಿಂದ ನೀರಿನಡಿ ಮಲಗಿದ್ದ ಆ ಕರಿಮಣ್ಣಿನ ಮೇಲೆ ಬೆಲ್ಲಿನ ಮುಚ್ಚಳ ಫಳಫಳ ಅನ್ನುತ್ತಿತ್ತು. ಬೋಳು ಗದ್ದೆಯಲ್ಲಿ ಅಷ್ಟು ಜಾಗ ಮಾತ್ರ ಜೀವವಿದ್ದಂತೆ ಕಂಡಿತು. ಕೆರಿಯಮ್ಮನಿಗೆ ಅಳು ಬಂತು. ಚಾಚಿದ ಕೈ ಹಿಂದಕ್ಕೆ ತೆಗೆದಳು.

"ಬ್ಯಾಡ ಬಿಡು. ನೀನೇ ಹಾಕ್ಕ ತಾಯಿ. ನಿನ್ ಮೈಯೂ ನಗ್ಲಿ."

ಬರಿಗೊರಳಲ್ಲಿ ತಿರುಗಿ ಹೊರಟಳು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಹಿಂದೆ ಗೆಜ್ಜೆ ಕೇಳಿತು. ನಿಂತಳು, ಅದೂ ನಿಂತಿತು. ನಡೆದಳು, ಅದೂ ನಡೆಯಿತು. ತಿರುಗಿ ನೋಡಿದರೆ ಒಡವೆಗಳು ತೊಡಿಸಿದಲ್ಲೇ ಅಲುಗದೆ ಇದ್ದವು. ಸದ್ದು ಬರುತ್ತಿದ್ದದ್ದು ಅವಳ ಮೈಯಿಂದಲೇ.

ದಡದ ಮೇಲೆ ನಿಂಗಪ್ಪ ಎದ್ದು ನಿಂತಿದ್ದ. ಅವನ ಮುಖ ಸರಿಯಾಗಿ ಅವಳ ಕಡೆಗೇ ಇತ್ತು.

"ಬಂದ್ಯಾ?" ಎಂದ.

"ಹೂಂ, ಬಂದೆ."

ಕೈ ಚಾಚಿ ಅವಳ ಕೊರಳು ತಡವಿದ. ಕರಿಮಣಿ ಬಿಟ್ಟರೆ ಬೆರಳಿಗೆ ಏನೂ ಸಿಗಲಿಲ್ಲ. ಕಿವಿ ಮುಟ್ಟಿದ, ಅದೂ ಖಾಲಿ. ಅವನ ಬೆರಳು ಅಲ್ಲೇ ಇರುವಾಗ ಅವಳು ನಕ್ಕಳು. ಏನೂ ಇಲ್ಲದ ಆ ಕಿವಿಯಲ್ಲಿ ಚಕ್ರಗಳು ಕಿಣಿಕಿಣಿ ಎಂದವು. ವಾಸಪ್ಪ ಕೈಯಲ್ಲಿದ್ದ ದೋಣಿಯ ಹುಟ್ಟನ್ನು ಬಿಟ್ಟು ಹಿಂದೆ ಸರಿದ.

ನಿಂಗಪ್ಪ ಸರಿಯಲಿಲ್ಲ.

"ನಿಧಾನ ನಡಿ, ಎಲ್ಲಾ ಕೇಳ್ಬೇಕು ನಂಗೆ" ಎಂದು ಅವಳನ್ನು ಮುಂದೆ ಬಿಟ್ಟು, ಕೈ ಹಿಡಿಯದೆಯೇ ಹಿಂದೆ ಹಿಂದೆ ನಡೆದ.