ಸಂಧ್ಯಾರಾಣಿಯ ಖರ್ಜ

2003ರಿಂದ ಐದು ವರ್ಷ ಮೆಲ್ಬರ್ನಿನ ಪಬ್ಬುಗಳಲ್ಲಿ ಕಂಟ್ರಿ ಮ್ಯೂಸಿಕ್ ಅಂದರೆ 'ಡಸ್ಟಿ ಗೇಟ್' ಬ್ಯಾಂಡು, ಆ ಬ್ಯಾಂಡು ಅಂದರೆ ಧಾರವಾಡದ ಸಂಧ್ಯಾರಾಣಿ. ನಗಬೇಡಿ. ಕುದುರೆ, ಕುಡುಕ ಗಂಡ, ಬಿಟ್ಟುಬಂದ ಊರು ಅಂತ ಇಂಗ್ಲಿಷಿನಲ್ಲಿ ನಮ್ಮ ಹುಡುಗಿ ಹಾಡಲು ನಿಂತರೆ, ಬಿಯರ್ ಗ್ಲಾಸು ಹಿಡಿದ ದಡೂತಿ ಟ್ರಕ್ ಡ್ರೈವರುಗಳು ಕಣ್ಣೊರೆಸಿಕೊಳ್ಳುತ್ತಿದ್ದರು. ಗಿಟಾರಿಗೆ ಗಂಡ ಶ್ರೀನಾಥ, ಬ್ಯಾಂಜೋಗೆ ಯತೀಶ. ಮೂವರೂ ಓದಲು ಬಂದು ಪಿಆರ್, ಅಂದರೆ ಕಾಯಂ ನೆಲೆಸುವ ಪರವಾನಗಿ, ಸಿಕ್ಕಿ ಉಳಿದವರು. ಎರಡು ಸಿ.ಡಿ. ಬಂದವು, ರೇಡಿಯೋದಲ್ಲಿ ಹಾಡು ಬಂತು, ಊರಂಚಿನ ಕ್ರೇಗಿಬರ್ನಿನಲ್ಲಿ ಮನೆಯೂ ಆಯಿತು.

ಆ ದನಿಯನ್ನು ಕಟ್ಟಿದ್ದು ಅವಳ ಅವ್ವ ಗಿರಿಜವ್ವ. ಊರಲ್ಲಿ ಸಂಗೀತ ಕಲಿಸುವ ಹೆಂಗಸು, ಶಿಸ್ತೆಂದರೆ ಶಿಸ್ತು. ಏಳು ವರ್ಷದ ಮಗಳನ್ನು ನಸುಕಿನಲ್ಲೇ ಎಬ್ಬಿಸಿ ಖರ್ಜ ಹಿಡಿಸುತ್ತಿದ್ದಳು. ಖರ್ಜ ಅಂದರೆ ತೀರ ಕೆಳಗಿನ 'ಸಾ' ಹಿಡಿದು ಉಸಿರು ಮುಗಿಯುವ ತನಕ ನಿಲ್ಲುವುದು, ಮತ್ತೆ ಮತ್ತೆ. ಗಂಟಲು ಕೂತರೂ ರಜೆಯಿಲ್ಲ. ಕೂತ ಗಂಟಲು ಖರ್ಜದಿಂದಲೇ ಏಳುತ್ತದೆ ಅನ್ನುವುದು ಆ ಮನೆಯ ನಂಬಿಕೆ. ಕ್ರೇಗಿಬರ್ನಿನ ಗ್ಯಾರೇಜಿನಲ್ಲೂ ಸಂಧ್ಯಾ ದಿನಾ ಚಾಪೆ ಹಾಸಿ ಕೂರುತ್ತಿದ್ದಳು.

2008ರ ಜೂನ್ ಚಳಿಯಲ್ಲಿ, ವಾರಕ್ಕೆ ನಾಲ್ಕು ಶೋ ಸಾಲದೆಂಬಂತೆ ಜ್ವರವೂ ಬಂದು ದನಿ ಒಡೆಯಿತು. ಡಾಕ್ಟರು ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿದರು. ಸ್ವರತಂತುವಿನಲ್ಲಿ ರಕ್ತ ಒಸರಿದೆ, ಎರಡು ವಾರ ತುಟಿ ಪಿಟಕ್ಕೆನ್ನಬೇಡ, ಮಾತಾಡಿದರೆ ದನಿ ಕೈಬಿಟ್ಟಂತೆಯೇ ಎಂದರು. ಮೂರನೇ ವಾರಕ್ಕೆ ಸಿಡ್ನಿಯಲ್ಲಿ ಅವರ ಜೀವಮಾನದ ದೊಡ್ಡ ಶೋ ಇತ್ತು.

ಆ ಭಾನುವಾರ ಗಿರಿಜವ್ವ ಫೋನ್ ಮಾಡಿದಾಗ ಶ್ರೀನಾಥ ಮಾತಾಡಿದ. ರಕ್ತ ಅಂದರೆ ಹಿರಿಯ ಜೀವ ಹೆದರೀತು ಅಂತ, ಗಂಟಲು ಕೂತಿದೆ ಅಂದನಷ್ಟೆ. ಫೋನಿನ ಸ್ಪೀಕರಿನಲ್ಲಿ ಬಂದ ಉತ್ತರ ಸಂಧ್ಯಾಳಿಗೂ ಕೇಳಿಸಿತು: "ಖರ್ಜ ಬಿಡಬ್ಯಾಡ ಅಂತ ಹೇಳ್ರಿ ಆಕೀಗೆ. ಮುಂಜಾನೆ ಎರಡು ತಾಸು."

ಶ್ರೀನಾಥ ಕೆಲಸಕ್ಕೆ ಹೋದಮೇಲೆ ಸಂಧ್ಯಾ ಗ್ಯಾರೇಜಿಗೆ ಇಳಿದಳು. ಮಾತಿಗೆ ಸ್ಲೇಟು ಹಿಡಿದವಳು, ಒಂದು ಕೆಮ್ಮಿಗೂ ಹೆದರುತ್ತಿದ್ದವಳು, ಖರ್ಜವನ್ನು ಮಾತ್ರ ಹಾಡು ಅಂತ ಎಣಿಸಲೇ ಇಲ್ಲ. ಔಷಧಿ ಅಂದುಕೊಂಡಳು. ನೋವಾದರೆ ಗಂಟಲು ಬಿಚ್ಚಿಕೊಳ್ಳುತ್ತಿದೆ ಅಂದುಕೊಂಡಳು. ಅಯ್ಯೋ ಹುಚ್ಚಿ, ಡಾಕ್ಟರನ್ನು ಒಂದು ಮಾತು ಕೇಳಬಾರದಿತ್ತೇ! ಹದಿನಾಲ್ಕು ದಿನ ತಪ್ಪದೆ ಕೂತಳು.

ಸಿಡ್ನಿಯಲ್ಲಿ ಮೂರನೇ ಹಾಡಿನ ನಡುವೆ ದನಿ ಹರಿದು ಬರೀ ಗಾಳಿ ಹೊರಟಿತು. ದುಃಖ ಉಮ್ಮಳಿಸಿತೆಂದು ತಿಳಿದ ಜನ ಎದ್ದು ನಿಂತರು. ಅಷ್ಟು ಚಪ್ಪಾಳೆ ಅವಳಿಗೆ ಎಂದೂ ಬಿದ್ದಿರಲಿಲ್ಲ.

ಆಪರೇಷನ್ ಆಯಿತು. ಉಳಿದದ್ದು ಒರಟಾದ, ಯಾರದೋ ಅನ್ನಿಸುವ ದನಿ. ಹಾಡು ಮುಗಿದ ಕಥೆ. ಬ್ಯಾಂಡಿಗೆ ಸಿಡ್ನಿಯ ಕ್ವೇಕರ್ಸ್ ಹಿಲ್‌ನ ಚಿನ್ಮಯಿ ಎಂಬ ಹುಡುಗಿ ಬಂದಳು. ಗಿಟಾರ್ ಬಿಡಬೇಡ ಅಂತ ಗಂಡನಿಗೆ ಸಂಧ್ಯಾಳೇ ಹೇಳಿದಳು, ಹೇಳಿ ಬಚ್ಚಲಿಗೆ ಹೋಗಿ ಅತ್ತಳು. ತಾನು ಮಾತು ಬೇಡದ ಕೆಲಸ ಹುಡುಕಿ ಗೋಡೌನೊಂದರಲ್ಲಿ ಪ್ಯಾಕಿಂಗಿಗೆ ಸೇರಿದಳು. ಅವ್ವನಿಗೆ ಮಾತ್ರ ಏನೂ ಗೊತ್ತಿಲ್ಲ. ನಿನ್ನ ಮಾತು ಕೇಳಿಯೇ ಹೀಗಾಯಿತು ಅಂತ ಯಾವ ಬಾಯಲ್ಲಿ ಹೇಳುವುದು? ಆರು ತಿಂಗಳು ಶ್ರೀನಾಥ ಟೂರು, ರೆಕಾರ್ಡಿಂಗು ಅಂತ ನೆಪ ಹೇಳಿದ.

ಒಂದು ಭಾನುವಾರ ಅವನಿಲ್ಲದಾಗ ಫೋನ್ ರಿಂಗಾಯಿತು. ಮೈಮರೆತು ಎತ್ತಿ ಹಲೋ ಅಂದುಬಿಟ್ಟಳು.

"ಯಾರ್ರೀ ನೀವು?" ಅಂದಳು ಗಿರಿಜವ್ವ. "ನಾ ಸಂಧ್ಯಾನ ಅವ್ವ ಮಾತಾಡೂದು. ಆಕಿ ಇಲ್ಲೇನ್ರಿ? ಖರ್ಜ ಮಾಡ್ತಾಳೋ ಇಲ್ಲೋ ಕೇಳಬೇಕಿತ್ತು."



"ದಿನಾ ಮಾಡ್ತಾಳ್ರಿ," ಅಂದಳು ಸಂಧ್ಯಾರಾಣಿ.